ಹದಿನೆಂಟು ಮಿಲಿಮೀಟರಿನ ಸೂರು

ನನಗೊಂದು ಚಟವಿದೆ. ಬೀಡಿ ಸಿಗರೇಟಿನದಲ್ಲ, ಅದಾಗಿದ್ದರೆ ಬಿಡಿಸುವುದಕ್ಕೆ ಯಾರಾದರೂ ಸಿಗುತ್ತಿದ್ದರು. ಯಾವ ವಸ್ತು ಕೈಗೆ ಬಂದರೂ ಅದರ ಅಂಚಿನ ಮೇಲೆ ಹೆಬ್ಬೆರಳು ಓಡಿಸಿ ನೋಡುವ ಚಟ. ಲೋಟ, ತಟ್ಟೆ, ಬಸ್ಸಿನ ಕಂಬಿ, ಮದುವೆ ಮನೆಯಲ್ಲಿ ಕೊಡುವ ಸ್ಟೀಲ್ ಡಬ್ಬಿ, ಯಾವುದನ್ನೂ ಬಿಟ್ಟವನಲ್ಲ. ಲೋಹವನ್ನು ಕತ್ತರಿಸಿದಾಗ ಅಂಚಿನಲ್ಲಿ ಮುಳ್ಳಿನಂತೆ ಉಳಿಯುವ ಚೂರಿಗೆ ನಮ್ಮ ಪೀಣ್ಯದ ಕಾರ್ಖಾನೆಗಳಲ್ಲಿ ಬರ್ ಎನ್ನುತ್ತಾರೆ. ಬರ್ ಇರುವ ಸಾಮಾನು ಮುಂದಕ್ಕೆ ಹೋಗಬಾರದು. ಇಪ್ಪತ್ತಾರು ವರ್ಷಗಳಿಂದ ಯಂತ್ರದ ಬಿಡಿಭಾಗ ಮಾಡುವ ಒಂದು ಶೆಡ್ಡಿನಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿ ನಾನು ಮಾಡುತ್ತಿರುವುದು ಇಷ್ಟೇ ಕೆಲಸ: ಮುಟ್ಟಿ ನೋಡುವುದು, ಅಳೆದು ನೋಡುವುದು, ಬೇಡ ಅನ್ನುವುದು.

ನನ್ನ ತಮ್ಮನಿಗೆ ಹೆಣ್ಣು ನೋಡಲು ಹಾವೇರಿಗೆ ಹೋಗಿದ್ದೆವು. ಅವಲಕ್ಕಿ ತಂದಿಟ್ಟರು. ಮಾತು ನಡೆಯುತ್ತಿರುವಾಗ ನನ್ನ ಹೆಬ್ಬೆರಳು ತನ್ನ ಪಾಡಿಗೆ ತಾನು ತಟ್ಟೆಯ ಅಂಚಿನ ಕೆಳಗೆ ಓಡಾಡುತ್ತಿತ್ತು. ಹುಡುಗಿಯ ತಂದೆ ಅದನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದರು.

"ಏನರ ಕೊರತಿ ಆತೇನ್ರೀ?" ಅಂದರು.

"ಏನಿಲ್ಲ. ಒಂದು ಕಡೆ ಸ್ವಲ್ಪ ಬರ್ ಇದೆ," ಅಂದೆ.

ಸಂಬಂಧ ಕೂಡಿಬರಲಿಲ್ಲ. ಜಾತಕದ ಕಾರಣ ಹೇಳಿದರು. ನನ್ನ ತಮ್ಮ ಇವತ್ತಿನವರೆಗೂ ಜಾತಕದ ಮಾತನ್ನು ನಂಬಿಲ್ಲ.

ಇಂಥ ಮನುಷ್ಯ ಕ್ಯಾಮೆರಾ ಕೊಂಡು ನಿಸರ್ಗದ ಫೋಟೋ ತೆಗೆಯಲು ಹೊರಟರೆ ಏನಾಗುತ್ತದೆ ಎಂದು ನೀವೇ ಊಹಿಸಬಹುದು. ನನ್ನ ಹೆಂಡತಿ ಶೈಲಾ ಊಹಿಸಿದ್ದಳು. ನಾನು ಊಹಿಸಿರಲಿಲ್ಲ.

ಫೋಟೋಗೂ ನನಗೂ ಹಳೆಯ ತಕರಾರು ಇತ್ತೆಂದು ಕಾಣುತ್ತದೆ. ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಅಲ್ಲಿ ಪೇಟೆಬೀದಿಯಲ್ಲಿ ಒಂದು ಸ್ಟುಡಿಯೋ. ಒಳಗೆ ಗೋಡೆಗೆ ಒಂದು ದೊಡ್ಡ ಪರದೆ. ಅದರ ಮೇಲೆ ಸರೋವರ, ಹಿಮದ ಬೆಟ್ಟ, ಎರಡು ಹಂಸ. ನಾನು ನೋಡಿದ ಮೊದಲ ನಿಸರ್ಗ ಬಟ್ಟೆಯದು. ಒಂದನೇ ಕ್ಲಾಸಿಗೆ ಸೇರಿಸುವ ಮುಂಚೆ ಅಪ್ಪ ನನ್ನನ್ನು ಆ ಸರೋವರದ ದಂಡೆಯಲ್ಲಿ ನಿಲ್ಲಿಸಿದರು. ಸ್ಟುಡಿಯೋದವರು ಕಣ್ಣು ಮಿಟುಕಿಸಬೇಡ ಎಂದು ಮೂರು ಸಲ ಹೇಳಿದರು. ಮೂರು ಸಲ ಹೇಳಿದ್ದರಿಂದಲೇ ಮಿಟುಕಿಸಿದೆ. ಫೋಟೋ ಬಂದಾಗ ನಾನು ಹಂಸಗಳ ಪಕ್ಕದಲ್ಲಿ ನಿಂತುಕೊಂಡೇ ನಿದ್ದೆ ಹೋಗಿದ್ದೆ. ಅಪ್ಪ ಇನ್ನೊಮ್ಮೆ ತೆಗೆಸಲು ತಯಾರಿರಲಿಲ್ಲ. ಆ ಪುಣ್ಯಾತ್ಮರು ಸಣ್ಣ ಕುಂಚ ತೆಗೆದುಕೊಂಡು ಮುಚ್ಚಿದ ರೆಪ್ಪೆಗಳ ಮೇಲೆ ಎರಡು ಕಣ್ಣು ಬರೆದುಕೊಟ್ಟರು. ಬಹಳ ಒಳ್ಳೆಯ ಕಣ್ಣುಗಳು. ನನ್ನ ಸ್ವಂತದ್ದಕ್ಕಿಂತ ದೊಡ್ಡವು, ಸ್ವಲ್ಪ ಹೆಣ್ಣುಮಕ್ಕಳ ಕಣ್ಣಿನ ಹಾಗೆ. ಮನೆಗೆ ಬಂದವರೆಲ್ಲ ಹುಡುಗನ ಕಣ್ಣು ಚೆನ್ನಾಗಿವೆ ಎಂದು ಹೇಳಿ, ನನ್ನ ಕಡೆ ತಿರುಗಿ ನೋಡಿ, ಸುಮ್ಮನಾಗುತ್ತಿದ್ದರು.

ನಲವತ್ತೈದು ದಾಟಿದ ಮೇಲೆ ಹಳೆಯದೊಂದು ಕ್ಯಾಮೆರಾ ಕೊಂಡೆ. ಎರಡನೇ ದಿನವೇ ಅದರ ಫೋಕಸ್ ಎಷ್ಟು ತಪ್ಪುತ್ತದೆ ಎಂದು ತಿಳಿಯಲು ಉಕ್ಕಿನ ಅಳತೆಪಟ್ಟಿಯ ಫೋಟೋ ತೆಗೆದೆ. ಮೂರನೇ ದಿನ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಒಂದು ಕೊಳವೆಯನ್ನು ನಮ್ಮ ಲೇಥಿನಲ್ಲಿ ನಾನೇ ಕಡೆದು ಮಾಡಿಕೊಂಡೆ. ಅದನ್ನು ಹಾಕಿದರೆ ಇರುವೆಯ ಮೀಸೆಯೂ ಕಾಣುತ್ತಿತ್ತು. ಆದರೆ ಇರುವೆ ನಿಲ್ಲುತ್ತಿರಲಿಲ್ಲ. ಕೆಲವು ವರ್ಷ ಕಳೆದ ಮೇಲೆ, ಸ್ವಲ್ಪ ತಣ್ಣಗಾದರೆ ಕೆಲವು ನಿಮಿಷ ಅಲುಗಾಡುವುದಿಲ್ಲ ಎಂದು ಎಲ್ಲೋ ಓದಿ, ಒಂದನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟೆ. ಶೈಲಾ ಹುಬ್ಬಳ್ಳಿಯವಳು. ಡಬ್ಬಿ ತೆರೆದು ನೋಡಿ, ಮುಚ್ಚಿ, ಒಳಗೆ ಇಟ್ಟು, ಹಾಲ್‌ಗೆ ಬಂದು ನಿಂತಳು.

"ಫ್ರಿಜ್ಜಿನ್ಯಾಗ ಒಂದ್ ಇರುವಿ ಐತಿ. ಅದು ಬಂದದ್ದೋ, ನೀವು ಇಟ್ಟದ್ದೋ?"

"ನಾನು ಇಟ್ಟದ್ದು."

"ಹಂಗಾರ ಇರಲಿ. ಬಂದದ್ದಂದ್ರ ಚಿಂತಿ ಮಾಡಬೇಕಿತ್ತು," ಎಂದು ಒಳಗೆ ಹೋದಳು.

ಆ ಇರುವೆಯ ಅರವತ್ತು ಫೋಟೋ ತೆಗೆದು, ಒಂದೊಂದರಲ್ಲೂ ಸ್ಪಷ್ಟವಾಗಿದ್ದ ಭಾಗವನ್ನಷ್ಟೇ ಜೋಡಿಸಿ, ಅಡಿಯಿಂದ ಮುಡಿಯವರೆಗೆ ಹರಿತವಾದ ಒಂದೇ ಚಿತ್ರ ಮಾಡಿದೆ. ನಡುವೆ ಎಲ್ಲೋ ಅದಕ್ಕೆ ಚಳಿ ಬಿಟ್ಟು ಒಂದು ಕಾಲು ಎತ್ತಿತ್ತು. ಚಿತ್ರದಲ್ಲಿ ಅದಕ್ಕೆ ಏಳು ಕಾಲು ಬಂದವು. ನಾನು ಅದನ್ನು ಗಮನಿಸದೆ ಭಾನುವಾರ ಫೋಟೋ ಗುಂಪಿಗೆ ಒಯ್ದೆ.

ಈ ಗುಂಪಿನ ಬಗ್ಗೆ ಹೇಳಬೇಕು. ಭಾನುವಾರ ಬೆಳಿಗ್ಗೆ ಹತ್ತಿಪ್ಪತ್ತು ಜನ ಪಟ್ಟಂದೂರು ಅಗ್ರಹಾರದ ಕೆರೆಯ ಹತ್ತಿರವೋ, ಸರ್ಜಾಪುರದ ಕಡೆ ಉಳಿದಿರುವ ಹೊಲಗಳಲ್ಲೋ ಸೇರುತ್ತೇವೆ. ಹೆಚ್ಚಿನವರು ವೈಟ್‌ಫೀಲ್ಡಿನ ಸಾಫ್ಟ್‌ವೇರ್‌ನವರು. ಅವರ ಲೆನ್ಸುಗಳು ನನ್ನ ಮೊಣಕೈವರೆಗೆ ಬರುತ್ತವೆ. ಪೀಣ್ಯದಿಂದ ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ಬದಲಿಸಿ ಅಷ್ಟು ದೂರ ಹೋಗುವವನು ನಾನೊಬ್ಬನೇ. ಹೋಗುವುದಕ್ಕೆ ಕಾರಣ ಮೇಷ್ಟ್ರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಗುಂಪಿನಲ್ಲಿ ಎಲ್ಲರ ಫೋಟೋ ನೋಡಿ ಅಭಿಪ್ರಾಯ ಹೇಳುವವರು ಅವರೇ. ನನ್ನ ಫೋಟೋ ಕೈಗೆ ಬಂದಾಗಲೆಲ್ಲ ಕನ್ನಡಕ ಏರಿಸಿ, ಇಳಿಸಿ, "ಶಾರ್ಪ್ ಆಗಿದೆ ಸಾರ್" ಅನ್ನುತ್ತಿದ್ದರು. ಹೆಣ್ಣು ನೋಡಿ ಬಂದವರು ಮನೆ ಗಾಳಿ ಬೆಳಕಾಗಿದೆ ಅಂದಂತೆ. ಮೂರು ವರ್ಷ ಆ ಒಂದು ಮಾತಿನ ಮೇಲೆ ನಾನು ಮೆಟ್ರೊದಲ್ಲಿ ಓಡಾಡಿದ್ದೇನೆ.

ಅವತ್ತು ಇರುವೆಯನ್ನು ಮಾತ್ರ ಬಹಳ ಹೊತ್ತು ನೋಡಿದರು. "ಇದರಲ್ಲಿ ಚಲನೆ ಇದೆ ಸಾರ್. ಮೊದಲನೇ ಸಲ ನಿಮ್ಮ ಫೋಟೋದಲ್ಲಿ ಏನೋ ಅಲುಗಾಡ್ತಾ ಇದೆ," ಅಂದರು. ಪಕ್ಕದಲ್ಲಿದ್ದ ಸಾಫ್ಟ್‌ವೇರ್ ಹುಡುಗಿ ಕಾಲು ಎಣಿಸಿದಳು.

ಮೇಷ್ಟ್ರು ನಗಲಿಲ್ಲ. ಹಿಂದಿರುಗುವಾಗ ನನ್ನ ಜೊತೆ ಕೆರೆ ಏರಿಯ ತುದಿಯವರೆಗೆ ನಡೆದು ಬಂದರು. "ನಿಮ್ಮ ಕೈಯಲ್ಲಿ ಕೆಲಸ ಇದೆ. ಆದರೆ ಮೊದಲು ಚಿತ್ರ ಮನಸ್ಸಿನಲ್ಲಿ ಮೂಡಬೇಕು ಸಾರ್, ಕ್ಯಾಮೆರಾ ಆಮೇಲೆ. ನೀವು ಕ್ಯಾಮೆರಾದಿಂದ ಶುರು ಮಾಡ್ತೀರಿ," ಅಂದರು. ನಾನು ಮನೆಗೆ ಬಂದು ಕಣ್ಣು ಮುಚ್ಚಿ ಕೂತೆ. ಏನೂ ಮೂಡಲಿಲ್ಲ. ಅಳತೆಪಟ್ಟಿ ಮೂಡಿತು.

ಚಿತ್ರ ಮೂಡಿದ್ದು ನಾಲ್ಕು ತಿಂಗಳ ಮೇಲೆ, ನಮ್ಮ ಶೆಡ್ಡಿನ ಹಿತ್ತಲಿನಲ್ಲಿ. ಅದನ್ನು ತೋರಿಸಿದ್ದು ಗೌರಮ್ಮ.

ಗೌರಮ್ಮ ನಮ್ಮಲ್ಲಿ ಕಸ ಗುಡಿಸುವವರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಶೆಡ್ ಇರುವ ಜಾಗ ಅವರ ತಂದೆ ರಾಗಿ ಬಿತ್ತುತ್ತಿದ್ದ ಹೊಲ. ಇದನ್ನು ಅವರು ದುಃಖದಿಂದೇನೂ ಹೇಳುವುದಿಲ್ಲ, ದಾರಿ ಹೇಳುವುದಕ್ಕೆ ಬಳಸುತ್ತಾರೆ: "ಡ್ರಿಲ್ಲಿಂಗ್ ಮಿಸಿನ್ ತಾವ, ಸಾರ್, ನಮ್ ಬಾವಿ ಇತ್ತಲ್ಲ, ಅಲ್ಲಿ." ಹಿತ್ತಲಿನಲ್ಲಿ ಕೈ ತೊಳೆಯುವ ನಲ್ಲಿ, ಅದರ ಪಕ್ಕ ಒಂದು ದಾಸವಾಳದ ಗಿಡ, ಮೇಲಿನ ಕಬ್ಬಿಣದ ಕಂಬಿಯಿಂದ ಇಳಿಬಿದ್ದ ಹಳೆಯ ಕೇಬಲ್. ಮಧ್ಯಾಹ್ನ ಅವರು ಬುತ್ತಿ ಬಿಚ್ಚುವುದು ಅಲ್ಲೇ. ಒಂದು ದಿನ ನನ್ನನ್ನು ಕರೆದು ಕೇಬಲ್ಲಿನ ತುದಿ ತೋರಿಸಿದರು.

"ಕಸ ಅಂತ ಕೀಳಾಕೋಗಿದ್ದೆ ಸಾರ್. ಒಳ್ಗಿಂದ ಕೊಕ್ಕು ಬಂತು."

ನಾರು, ಒಣ ಎಲೆ, ತೊಗಟೆಯ ಚೂರು, ಜೇಡರ ಬಲೆ, ನಮ್ಮದೇ ಶೆಡ್ಡಿನ ಒರೆಸುವ ನೂಲು. ಎಲ್ಲ ಸೇರಿ ಒಂದು ಚೀಲ. ಪಕ್ಕದಲ್ಲಿ ಹೆಬ್ಬೆರಳು ತೂರುವಷ್ಟು ಬಾಯಿ. ಬಾಯಿಯ ಮೇಲೆ ಮುಂದಕ್ಕೆ ಚಾಚಿದ ಒಂದು ಪುಟ್ಟ ಸೂರು, ಹಳ್ಳಿ ಮನೆಯ ಬಾಗಿಲಿಗೆ ಇರುತ್ತದಲ್ಲ, ಹಾಗೆ. ಅದು ಸೂರಕ್ಕಿಯ ಗೂಡು. ಗೌರಮ್ಮನಿಗೆ ಸಣ್ಣ ಹಕ್ಕಿಗಳೆಲ್ಲ ಗುಬ್ಬಿ. ಒಳಗೆ ಎರಡು ಮರಿ. ಹಳದಿ ಹೊಟ್ಟೆಯ ತಾಯಿ ಐದಾರು ನಿಮಿಷಕ್ಕೊಮ್ಮೆ ಹುಳ ಹಿಡಿದು ಬರುತ್ತಿತ್ತು. ಬಾಗಿಲ ಮುಂದೆ ಒಂದು ಕ್ಷಣ ಗಾಳಿಯಲ್ಲೇ ನಿಂತು, ರೆಕ್ಕೆ ಬಡಿದು, ಗೂಡಿಗೆ ಅಂಟಿಕೊಳ್ಳುತ್ತಿತ್ತು.

ಆ ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ನನ್ನ ಮನಸ್ಸಿನಲ್ಲಿ ಚಿತ್ರ ಮೂಡಿತು. ತಾಯಿ ಗಾಳಿಯಲ್ಲಿ ನಿಂತಿದೆ, ಎರಡೂ ರೆಕ್ಕೆ ಬಿಚ್ಚಿದೆ, ಕಣ್ಣಿನ ಮೇಲೆ ಬೆಳಕು ಬಿದ್ದಿದೆ; ಗೂಡಿನ ಬಾಯಲ್ಲಿ ಎರಡು ತೆರೆದ ಕೊಕ್ಕು. ನಾನು ಇಳಿಯಬೇಕಾದ ಸ್ಟಾಪು ದಾಟಿಹೋಯಿತು. ಮೇಷ್ಟ್ರು ಹೇಳಿದ್ದು ಇದೇ ಎಂದು ತಿಳಿದು, ನಾಚಿಕೆಯಿಲ್ಲದೆ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಇನ್ನು ಅದನ್ನು ತೆಗೆಯುವುದೊಂದೇ ಬಾಕಿ. ಅದು ನನ್ನ ಇಲಾಖೆ.

ಹಕ್ಕಿ ಗಾಳಿಯಲ್ಲಿ ನಿಲ್ಲುವ ಕ್ಷಣವನ್ನು ಬೆರಳಿನಿಂದ ಹಿಡಿಯಲಾಗುವುದಿಲ್ಲ. ತಗಡು ಕತ್ತರಿಸುವ ನಮ್ಮ ಪವರ್ ಪ್ರೆಸ್ಸಿನ ಮುಂದೆ ಒಂದು ಸೆನ್ಸರ್ ಇರುತ್ತದೆ. ಕೆಲಸಗಾರನ ಕೈ ಅಡ್ಡ ಬಂದು ಬೆಳಕಿನ ಗೆರೆ ಕಡಿದರೆ ಪ್ರೆಸ್ ನಿಲ್ಲುತ್ತದೆ. ಗುಜರಿಗೆ ಹಾಕಿದ್ದ ಅಂಥದೊಂದನ್ನು ಮೇಂಟೆನೆನ್ಸ್‌ನ ಖಲೀಲನಿಂದ ಕೇಳಿ ತೆಗೆದುಕೊಂಡೆ. ಹಕ್ಕಿ ಗೆರೆ ಕಡಿದರೆ ಕ್ಯಾಮೆರಾ ಕ್ಲಿಕ್ ಆಗಬೇಕು, ಫ್ಲಾಶ್ ಬೆಳಗಬೇಕು. "ಕೈ ಉಳಿಸೋ ಸಾಮಾನು ಸಾರ್ ಇದು, ಹುಷಾರು," ಎಂದು ಖಲೀಲ್ ಕೊಟ್ಟ.

ಪರೀಕ್ಷೆಗೆ ಹಕ್ಕಿಯ ಬದಲು ನಿಂಬೆಹಣ್ಣು ಇಟ್ಟುಕೊಂಡೆ. ಗೂಡಿನಿಂದ ದೂರ, ನಲ್ಲಿಯ ಆಚೆ, ದಾರದಲ್ಲಿ ನಿಂಬೆಹಣ್ಣು ಕಟ್ಟಿ ತೂಗಿ ಬಿಡುವುದು. ಅದು ಗೆರೆ ದಾಟಿದಾಗ ಫೋಟೋ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು ಎಂಬುದು ನಮ್ಮ ಕೆಲಸದ ನಿಯಮ: ಇವತ್ತು ಫ್ಲಾಶಿನ ದೂರ, ನಾಳೆ ಸೆನ್ಸರಿನ ಎತ್ತರ. ಹಾಗೆ ಮಾಡಿದರೆ ಮಾತ್ರ ಯಾವುದರಿಂದ ಏನಾಯಿತು ಎಂದು ಗೊತ್ತಾಗುತ್ತದೆ. ಒಂದು ವಾರದ ಟೀ ಬ್ರೇಕುಗಳಲ್ಲಿ ಹಾರುವ ನಿಂಬೆಹಣ್ಣಿನ ನೂರಾರು ಫೋಟೋ ಸೇರಿದವು. ಸಿಪ್ಪೆಯ ಒಂದೊಂದು ತೂತೂ ಎಣಿಸಬಹುದಿತ್ತು. ನಿಂಬೆಹಣ್ಣನ್ನು ನನಗಿಂತ ಚೆನ್ನಾಗಿ ತೆಗೆದವರು ಈ ನಾಡಿನಲ್ಲಿ ಇರಲಾರರು.

ಗೌರಮ್ಮ ಎರಡು ದಿನ ಸುಮ್ಮನೆ ನೋಡಿದರು. ಮೂರನೇ ದಿನ ಕೇಳಿದರು.

"ದೃಷ್ಟಿ ಆಗ್ದಿರ್ಲಿ ಅಂತ ಕಟ್ಟಿದೀರಾ ಸಾರ್?"

"ಅಲ್ಲ ಗೌರಮ್ಮ, ಇದು ಟೆಸ್ಟಿಂಗು."

"ಮೆಣ್ಸಿನ್ಕಾಯಿ ಮರ್ತಿದೀರ," ಅಂದರು. ಮಾರನೆಯ ದಿನ ನಿಂಬೆಹಣ್ಣಿನ ಕೆಳಗೆ ಮೂರು ಹಸಿಮೆಣಸಿನಕಾಯಿ ಇದ್ದವು. ಅವುಗಳ ಫೋಟೋ ಕೂಡ ತೆಗೆದೆ. ತುಂಬ ಚೆನ್ನಾಗಿ ಬಂದವು.

ಗುರುವಾರ ಸಲಕರಣೆಯನ್ನೆಲ್ಲ ಗೂಡಿನ ಮುಂದಕ್ಕೆ ತಂದೆ. ತಾಯಿ ಮೊದಲು ಅನುಮಾನಿಸಿದರೂ ಸಂಜೆಯ ಹೊತ್ತಿಗೆ ಒಳಗೆ ಹೊರಗೆ ಓಡಾಡಿತು. ಹತ್ತು ಫೋಟೋ ಸಿಕ್ಕವು. ಎಲ್ಲ ಶಾರ್ಪ್ ಆಗಿದ್ದವು. ಆದರೆ ಹತ್ತರಲ್ಲೂ ಹಕ್ಕಿಯ ಮುಖದ ಮೇಲೆ ಒಂದು ಕಪ್ಪು ನೆರಳು; ಕಣ್ಣೇ ಕಾಣುವುದಿಲ್ಲ. ಆ ನೆರಳು ಸೂರಿನದು.

ನಾನು ಬಸ್ಸಿನಲ್ಲಿ ಕಂಡ ಚಿತ್ರದಲ್ಲಿ ಸೂರು ಇರಲಿಲ್ಲ.

ಇಲ್ಲಿ ನಿಲ್ಲಿಸಿ ನಿಮಗೆ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಪೀಣ್ಯದಲ್ಲಿ ಪ್ರತಿ ಸಾಮಾನಿಗೂ ಒಂದು ಡ್ರಾಯಿಂಗ್ ಇರುತ್ತದೆ. ಡ್ರಾಯಿಂಗಿನಲ್ಲಿ ಇಲ್ಲದ್ದು ಸಾಮಾನಿನಲ್ಲಿ ಇದ್ದರೆ ಅದನ್ನು ತೆಗೆಯಬೇಕು. ಇದರಲ್ಲಿ ಯೋಚನೆ ಮಾಡುವಂಥದು ಏನೂ ಇಲ್ಲ. ನನಗೆ ಇಷ್ಟು ವರ್ಷ ಡ್ರಾಯಿಂಗ್ ಬೇರೆಯವರು ಕೊಡುತ್ತಿದ್ದರು. ಮೊದಲ ಸಲ ಡ್ರಾಯಿಂಗ್ ನನ್ನದು. ಆ ಗರ್ವವೂ ಇತ್ತೆಂದು ಈಗ ಅನಿಸುತ್ತದೆ. ತಂತ್ರ ಬೇಕೋ ದೃಷ್ಟಿ ಬೇಕೋ ಎಂದು ನಮ್ಮ ಗುಂಪಿನಲ್ಲಿ ಭಾನುವಾರಗಟ್ಟಲೆ ಚರ್ಚೆ ಆಗಿದೆ. ಎರಡೂ ಒಬ್ಬನಲ್ಲೇ ಸೇರಿಕೊಂಡರೆ ಏನಾಗಬಹುದೆಂದು ಯಾರೂ ಚರ್ಚಿಸಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತರ ಟೀ ಹೊತ್ತಿಗೆ, ತಾಯಿ ಹುಳಕ್ಕೆ ಹೋದಾಗ, ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ ಸೂರನ್ನು ಕತ್ತರಿಸಿದೆ. ಅಂಚು ನೀಟಾಗಿ ಬಂತು. ಕತ್ತರಿಸಿದ ತುಂಡನ್ನು ಅಳೆದೆ, ಹದಿನೆಂಟು ಮಿಲಿಮೀಟರ್. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಚೀಟಿ ಬರೆದು, ಡ್ರಾಯರಿನಲ್ಲಿ ಇಟ್ಟೆ. ತೆಗೆದ ಚೂರನ್ನು ಸ್ಯಾಂಪಲ್ ಎಂದು ಇಟ್ಟುಕೊಳ್ಳುವುದು ನಮ್ಮ ಪದ್ಧತಿ.

ತಾಯಿ ಬಂತು. ಫ್ಲಾಶ್ ಬೆಳಗಿದ್ದು ಒಂದೇ ಸಲ. ಗೂಡಿನ ಮುಂದೆ ಗಾಳಿಯಲ್ಲಿ ನಿಂತಿತು, ಎಂದಿಗಿಂತ ಜಾಸ್ತಿ ಹೊತ್ತು ನಿಂತಿತು, ಹಿಂದಕ್ಕೆ ಹಾರಿ ಗೋಡೆಯ ಮೇಲೆ ಕೂತಿತು. ಬಾಯಲ್ಲಿ ಹುಳ ಹಾಗೇ ಇತ್ತು. ಅಭ್ಯಾಸವಾಗುತ್ತದೆ ಎಂದುಕೊಂಡು ನಾನು ಒಳಗೆ ಹೋದೆ. ಅವತ್ತು ಒಬ್ಬ ದೊಡ್ಡ ಗಿರಾಕಿ ಶೆಡ್ ನೋಡಲು ಬರುವವರಿದ್ದರು. ಕೆಲಸ ರಾಶಿ ಬಿದ್ದಿತ್ತು.

ಎರಡೂವರೆಗೆ ಗೌರಮ್ಮ ನನ್ನ ಮೇಜಿನ ಹತ್ತಿರ ಬಂದರು. ಗುಡಿಸುವ ಹೊತ್ತು ಬಿಟ್ಟರೆ ಅವರು ಒಳಗೆ ಬರುವವರಲ್ಲ.

"ಏನ್ ಮಾಡಿದ್ರಿ ಸಾರ್ ಅದುಕ್ಕೆ?"

ಹಿತ್ತಲಿಗೆ ಹೋದೆ. ಬಿಸಿಲು ಪಡುವಣದ ಕಡೆಯಿಂದ ನೇರ ಗೂಡಿನ ಬಾಯಿಗೆ ಬಿದ್ದಿತ್ತು. ಎರಡು ಮರಿಗಳೂ ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ತಾಯಿ ಗೋಡೆಯ ಮೇಲಿಂದ ದಾಸವಾಳಕ್ಕೆ, ದಾಸವಾಳದಿಂದ ಗೋಡೆಗೆ. ಗೂಡಿಗೆ ಹೋಗುತ್ತಿರಲಿಲ್ಲ.

"ಮನೆ ಮುಂದಿನ ಸೂರು ಕಿತ್ತಾಕಿದೀರಲ್ಲ. ಅದು ಅದ್ರ ಮನೆ ಅಂತ ಎಂಗ್ ಗುರ್ತಿಡೀತದೆ?"

ನನ್ನ ಬಾಯಿ ತನ್ನ ಅಭ್ಯಾಸ ಬಿಡಲಿಲ್ಲ. "ಗೌರಮ್ಮ, ಅದು ಸೂರಿಂದಾನೋ ಮಿಷಿನ್ನಿಂದಾನೋ ಗೊತ್ತಾಗಬೇಕಲ್ಲ. ಮೊದಲು ಕ್ಯಾಮೆರಾ ಮಾತ್ರ ತೆಗೆದು ಅರ್ಧ ಗಂಟೆ ನೋಡೋಣ. ಬರಲಿಲ್ಲ ಅಂದರೆ ಆಮೇಲೆ ಸೂರಿಂದು," ಅಂದೆ.

"ಅವು ತಿಂದು ಎಸ್ಟೊತ್ತಾಯ್ತು?"

"ನಾಲ್ಕು ಗಂಟೆ ಮೇಲಾಯ್ತು."

"ನಿಮ್ದು ಊಟ ಆಯ್ತಾ?"

"ಆಯ್ತು."

"ತೆಗೀರಿ ಎಲ್ಲಾನೂವೆ," ಅಂದರು.

ಎಲ್ಲವನ್ನೂ ತೆಗೆದೆ. ಡ್ರಾಯರಿನಿಂದ ಸೂರಿನ ತುಂಡು ತಂದುಕೊಟ್ಟೆ. ಚೀಟಿ ಅಂಟಿಸಿದ ಕವರನ್ನು ಗೌರಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಂಟು ತರಲೇ ಎಂದು ಕೇಳಿದೆ; ನಾತಕ್ಕೆ ಸಾಯುತ್ತವೆ ಅಂದರು. ಪೊರಕೆಯ ತುದಿಯಿಂದ ಶೆಡ್ಡಿನ ಮೂಲೆಯ ಜೇಡರ ಬಲೆ ತೆಗೆದು ತಂದು, ಅದನ್ನು ಬೆರಳಿಗೆ ಸುತ್ತಿ, ತುಂಡನ್ನು ಬಾಗಿಲ ಮೇಲೆ ಒತ್ತಿ ಹಿಡಿದರು. ಒಂದು ನಿಮಿಷ ನಿಂತಿತು, ವಾಲಿತು, ಬಿತ್ತು. ಇನ್ನೊಮ್ಮೆ ಮಾಡಿದರು. ಮತ್ತೆ ಬಿತ್ತು. ನಾನು ಅಷ್ಟು ನೀಟಾಗಿ ಕತ್ತರಿಸಿದ್ದೆ. ಹಿಡಿದುಕೊಳ್ಳಲು ಒಂದು ನಾರೂ ಉಳಿದಿರಲಿಲ್ಲ.

"ಆಗಾಕಿಲ್ಲ. ನೆಳ್ಳು ಇಡೀರಿ ಸಾರ್. ಒತ್ತು ಇಳಿಯೋವರ್ಗೂ."

ಹತ್ತಿರ ನಿಂತರೆ ತಾಯಿ ಬರುವುದಿಲ್ಲ. ದೂರ ನಿಂತರೆ ನೆರಳು ಗೂಡಿಗೆ ಮುಟ್ಟುವುದಿಲ್ಲ. ಹತ್ತು ಅಡಿ ದೂರದಲ್ಲಿ ಎಣ್ಣೆಯ ಡ್ರಮ್ ಬೋರಲು ಹಾಕಿ, ಅದರ ಮೇಲೆ ಹತ್ತಿ, ತಲೆಯ ಮೇಲೆ ಒಂದು ದೊಡ್ಡ ರಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. "ಎಡಕ್ಕೆ. ಇನ್ನೊಸಿ. ಸಾಕು. ಅಲ್ಲಾಡ್ಬೇಡಿ," ಎಂದು ಗೌರಮ್ಮ ನಲ್ಲಿಯ ಕಟ್ಟೆಯ ಹಿಂದೆ ಕುಕ್ಕರಗಾಲಲ್ಲಿ ಕೂತರು.

ಮಾಲೀಕರು ಗಿರಾಕಿಯನ್ನು ಕರೆದುಕೊಂಡು ಹಿತ್ತಲಿಗೆ ಬಂದದ್ದು ಆಗಲೇ.

"ಅವರು ಯಾರು?" ಎಂದು ಗಿರಾಕಿ ಕೇಳಿದರು.

"ನಮ್ಮ ಕ್ವಾಲಿಟಿ ಇನ್ಸ್‌ಪೆಕ್ಟರ್," ಅಂದರು ಮಾಲೀಕರು. ಅವರಿಗೆ ಸುಳ್ಳು ಹೇಳಲು ಸಮಯ ಸಿಗಲಿಲ್ಲ.

"ಏನು ಮಾಡ್ತಾ ಇದಾರೆ?"

ಮಾಲೀಕರು ನನ್ನನ್ನು ನೋಡಿದರು. ನಾನು ಬಾಯಿ ತೆರೆದರೆ ರಟ್ಟು ಅಲ್ಲಾಡುತ್ತಿತ್ತು. ಕಟ್ಟೆಯ ಹಿಂದಿನಿಂದ ಗೌರಮ್ಮ ಹೇಳಿದರು: "ನೆಳ್ಳು ಇಡ್ಕೊಂಡವ್ರೆ ಸಾರ್. ಸ್ವಲ್ಪ ಆ ಕಡೆ ನಿಂತ್ಕಳಿ."

ಗಿರಾಕಿ ಆ ಕಡೆ ನಿಂತರು. ಸ್ವಲ್ಪ ಹೊತ್ತು ನೋಡಿ, ಕಾಲಿನ ಸದ್ದಾಗದಂತೆ ಹೊರಟುಹೋದರು.

ಎಷ್ಟು ಹೊತ್ತಾಯಿತೋ ತಿಳಿಯದು. ವಾಚು ನೋಡಲು ಕೈ ಖಾಲಿ ಇರಲಿಲ್ಲ. ಭುಜಗಳು ಉರಿಯುತ್ತಿದ್ದವು. ನನ್ನ ಕಿವಿಯ ಪಕ್ಕದಿಂದ ಏನೋ ಹೋಯಿತು. ತಾಯಿ. ಗೂಡಿನ ಮುಂದೆ ನಿಂತು, ಹಿಂದೆ ಸರಿದು, ಮತ್ತೆ ಬಂದು, ಕೊನೆಗೆ ಅಂಟಿಕೊಂಡು ತಲೆ ಒಳಗೆ ಹಾಕಿತು. ಒಳಗಿನಿಂದ ಸಣ್ಣ ಚಿರುಗುಟ್ಟುವಿಕೆ ಕೇಳಿಸಿತು. ಆಮೇಲೆ ನಾಲ್ಕು ಸಲ ಬಂತು, ಎಣಿಸಿದೆ. ಪಕ್ಕದ ಶೆಡ್ಡಿನ ಶೀಟಿನ ಹಿಂದೆ ಸೂರ್ಯ ಇಳಿಯುವವರೆಗೆ ಅಲ್ಲೇ ಇದ್ದೆ. ಸೂರಿನಿಂದಲೋ, ಕ್ಯಾಮೆರಾದಿಂದಲೋ, ಬಿಸಿಲಿನಿಂದಲೋ, ಅದು ಹೆದರಿದ್ದು ಯಾವುದರಿಂದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗೊತ್ತಾಗುವುದಿಲ್ಲ.

ಶನಿವಾರ ದೂರದಿಂದಲೇ ನೋಡಿದೆ. ಬೆಳಗಿನಿಂದ ಗೌರಮ್ಮನೇ ಮೇಲಿನ ಕಂಬಿಗೆ ಗೋಣಿ ಕಟ್ಟಿ ನೆರಳು ಮಾಡಿದ್ದರು. ತಾಯಿ ಬರುತ್ತಿತ್ತು, ಹೋಗುತ್ತಿತ್ತು. ಸೋಮವಾರ ಹೋದಾಗ ಗೂಡು ಖಾಲಿ.

"ಎರಡೂ ಆರೋದ್ವು ಸಾರ್," ಅಂದರು ಗೌರಮ್ಮ, ಪೊರಕೆ ನಿಲ್ಲಿಸದೆ.

"ನೀವು ನೋಡಿದ್ರಾ?"

"ನೋಡ್ದೆ."

ಎಷ್ಟು ಗಂಟೆಗೆ, ಯಾವ ಕಡೆ, ಮೊದಲು ಯಾವುದು ಎಂದು ಕೇಳುವುದು ನನ್ನ ವೃತ್ತಿ. ಕೇಳಲಿಲ್ಲ. ನಲ್ಲಿಯ ಪಕ್ಕ, ದಾಸವಾಳದ ಬುಡದಲ್ಲಿ, ಅಂಗೈಯಷ್ಟು ಜಾಗದಲ್ಲಿ ಮಣ್ಣು ಹೊಸದಾಗಿ ಕೆದಕಿ ತಟ್ಟಿತ್ತು. ಬೆಕ್ಕು ಬಗೆಯದಂತೆ ಮೇಲೊಂದು ಇಟ್ಟಿಗೆಯ ಚೂರು. ನಾನು ಅದನ್ನು ನೋಡಿದೆ, ಕೈ ತೊಳೆದುಕೊಂಡೆ, ಒಳಗೆ ಹೋದೆ. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ. ಶೈಲಾ ಸಂಜೆ ಡಬ್ಬಿ ತೆರೆದು, "ರೊಟ್ಟಿ ಬಿರುಸಾಗಿದ್ವೇನು?" ಎಂದು ಕೇಳಿದಳು. ಹೂಂ ಅಂದೆ.

ಕ್ಯಾಮೆರಾದಲ್ಲಿ ಆ ಶುಕ್ರವಾರದ ಒಂದೇ ಒಂದು ಫೋಟೋ ಇತ್ತು. ಎರಡು ವಾರ ಅದನ್ನು ತೆರೆದು ನೋಡಲಿಲ್ಲ. ನೋಡಿದಾಗ, ಬಸ್ಸಿನಲ್ಲಿ ಕಂಡದ್ದು ಕಂಡ ಹಾಗೆಯೇ ಇತ್ತು. ಬಿಚ್ಚಿದ ರೆಕ್ಕೆಗಳು, ಗರಿಗರಿಯೂ ಬಿಡಿ. ಕೆಳಗೆ ಎರಡು ತೆರೆದ ಕೊಕ್ಕು. ಕಣ್ಣಿನ ಮೇಲೆ ಬೆಳಕು. ಆ ಕಣ್ಣು ಬೋಳಾದ ತನ್ನ ಬಾಗಿಲನ್ನು ನೋಡುತ್ತಿತ್ತು.

ಯಾಕೆ ಒಯ್ದೆನೋ, ಭಾನುವಾರ ಅದನ್ನು ಗುಂಪಿಗೆ ಒಯ್ದೆ. ಮೇಷ್ಟ್ರು ಕನ್ನಡಕ ಏರಿಸಿದರು. ಇಳಿಸಲಿಲ್ಲ.

"ಈ ಕಣ್ಣಲ್ಲಿ ಏನೋ ಕೇಳ್ತಾ ಇದೆ ಸಾರ್ ಅದು," ಅಂದರು. "ಶಾರ್ಪ್ ಇದೆ ಅಂತ ಹೇಳೋಕೂ ಮರೆತುಹೋಯ್ತು ನೋಡಿ. ಈ ಸಲ ಎಕ್ಸಿಬಿಷನ್ನಿಗೆ ಇದೇ."

ಎಲ್ಲರೂ ಕೈ ಕುಲುಕಿದರು. ಮೂರು ವರ್ಷ ಕಾದ ಮಾತು ಅದು. ಕೇಳಿದಾಗ ಸಂತೋಷ ಆಗಲಿಲ್ಲ ಅಂದರೆ ಸುಳ್ಳಾದೀತು. ಆಯಿತು. ಮೆಟ್ರೊದಲ್ಲಿ ಮೆಜೆಸ್ಟಿಕ್ಕಿನವರೆಗೂ ಇತ್ತು.

ಸೋಮವಾರ ಊಟದ ಹೊತ್ತಿಗೆ ಪ್ರಿಂಟನ್ನು ಗೌರಮ್ಮನಿಗೆ ಕೊಟ್ಟೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಡಿದರು.

"ಅವತ್ತಿಂದಾ?"

"ಹೂಂ."

ತಾಯಿಯ ಮೇಲೆ ಅವರ ಕಣ್ಣು ನಿಲ್ಲಲಿಲ್ಲ. ಬೆರಳು ಕೆಳಗೆ ಹೋಗಿ ಕೊಕ್ಕುಗಳ ಮೇಲೆ ನಿಂತಿತು. "ಇದು ದೊಡ್ದು. ಇದು ಚಿಕ್ದು," ಅಂದರು. ಆಮೇಲೆ, ನನ್ನ ಕಡೆ ನೋಡದೆ: "ಚಿಕ್ದು ಸನಿವಾರ ಒತ್ತಾರೆ ಕೆಳಗ್ ಬಿದ್ದಿತ್ತು ಸಾರ್. ನಿಮ್ಗೆ ಏಳ್ಲಿಲ್ಲ."

"ಗೊತ್ತಿತ್ತು ಗೌರಮ್ಮ."

"ಗೊತ್ತಿತ್ತಾ," ಅಂದರು. ಬುತ್ತಿಯ ಮುಚ್ಚಳ ಹಾಕಿದರು.

"ಇದನ್ನ ದೊಡ್ಡದಾಗಿ ಮಾಡಿ ಎಕ್ಸಿಬಿಷನ್ನಲ್ಲಿ ಹಾಕಬೇಕು ಅಂತಿದಾರೆ. ಬೇಡ ಅನ್ನಲಾ?"

"ಯಾಕ್ ಬೇಡ? ಆಕಿ. ಆ ಚಿಕ್ದರದು ಫೋಟೋ ಇದೊಂದೇ ಅಲ್ವಾ."

ಎಕ್ಸಿಬಿಷನ್ನಿನ ಫಾರಮ್ಮಿನಲ್ಲಿ ತೆಗೆದ ವಿಧಾನ ಎಂಬ ಕಾಲಂ ಇತ್ತು. ಸೆನ್ಸರ್, ಫ್ಲಾಶ್, ದೂರ, ಎಲ್ಲ ಬರೆದೆ. ಜಾಗ ಉಳಿದಿತ್ತು. ಗೂಡಿನ ಸೂರು ಹದಿನೆಂಟು ಮಿಲಿಮೀಟರ್ ಕತ್ತರಿಸಿದ್ದನ್ನೂ ಬರೆದೆ. ಗೂಡಿಗೆ ಕೈ ಹಾಕಿ ತೆಗೆದ ಫೋಟೋ ಒಪ್ಪುವುದಿಲ್ಲ ಎಂದು ಎಕ್ಸಿಬಿಷನ್ನಿನವರು ವಾಪಸ್ಸು ಕಳಿಸಿದರು. ಮೇಷ್ಟ್ರು ಫೋನ್ ಮಾಡಿ, "ಅದನ್ನ ಯಾಕೆ ಬರೆದ್ರಿ ಸಾರ್, ಯಾರೂ ಕೇಳ್ತಿರಲಿಲ್ಲ," ಎಂದು ಬೇಸರಪಟ್ಟುಕೊಂಡರು. ಆಯ್ಕೆ ಮಾಡುವವರ ಮೇಜಿನ ಮುಂದೆ ನಾನು ಕೂತಿದ್ದರೂ ವಾಪಸ್ಸೇ ಕಳಿಸುತ್ತಿದ್ದೆ.

ಆದರೆ ಹಾಕಿ ಅಂದವರು ಗೌರಮ್ಮ. ಅದಕ್ಕೆ ದೊಡ್ಡ ಪ್ರಿಂಟು ಮಾಡಿಸಿ, ಚೌಕಟ್ಟು ಹಾಕಿಸಿ, ಹಿತ್ತಲ ನಲ್ಲಿಯ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ಶೆಡ್ಡಿನ ನಲವತ್ತು ಜನ ದಿನಾ ಅಲ್ಲಿ ಕೈ ತೊಳೆಯುತ್ತಾರೆ. ಹೊಸಬರು ಕೇಳಿದರೆ ಗೌರಮ್ಮ ತೋರಿಸುತ್ತಾರೆ: "ಈ ಕಡೇದು ಆರೋಯ್ತು. ಆ ಕಡೇದು ಇಲ್ಲೇ ಐತೆ," ಎಂದು ದಾಸವಾಳದ ಬುಡದ ಕಡೆ ಕೈ ಮಾಡುತ್ತಾರೆ. ಸೂರು ಏನಾಯಿತು ಎಂದು ಕೇಳಿದರೆ ಗಾಳಿಗೆ ಹೋಯಿತು ಅನ್ನುತ್ತಾರೆ. ಇದನ್ನು ಎರಡು ಸಲ ಕೇಳಿಸಿಕೊಂಡೆ.

ನಮ್ಮಲ್ಲಿ ಬೇಡವಾದ ಸಾಮಾನಿಗೆ ಒಂದು ಕೆಂಪು ಚೀಟಿ ಕಟ್ಟುತ್ತೇವೆ. ಅದರಲ್ಲಿ ಎರಡು ಸಾಲು ತುಂಬಬೇಕು: ದೋಷ ಏನು, ಮಾಡಿದವರು ಯಾರು. ಕಳೆದ ವಾರ ಅಂಥದೊಂದರಲ್ಲಿ ಸೂರು ಕತ್ತರಿಸಿದ್ದನ್ನೂ ನನ್ನ ಹೆಸರನ್ನೂ ತುಂಬಿ, ಸಹಿ ಹಾಕಿ, ಚೌಕಟ್ಟಿನ ಕೆಳಗೆ ಕಟ್ಟಿದೆ. ಗೌರಮ್ಮನಿಗೆ ಓದಲು ಬರುವುದಿಲ್ಲ. ಖಲೀಲನನ್ನು ಕರೆದು ಓದಿಸಿಕೊಂಡರಂತೆ. ಆಮೇಲೆ ಅದನ್ನು ಬಿಚ್ಚಲಿಲ್ಲ.